ತಾರಸಿ ಹೈಡ್ರೋಪೋನಿಕ್ಸ್ ರಿಪೇರಿ: ಹಳದಿ ಎಲೆ, ನಿಲ್ಲದ ಪಿಎಚ್, ಬೋರ್ ನೀರು

ಹೈಡ್ರೋಪೋನಿಕ್ಸ್ ಅಂದರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಗಿಡ ಬೆಳೆಸುವುದು. ಮೊದಲು ಸೆಟಪ್ ಹೇಳಿಬಿಡುತ್ತೇನೆ, ಆಮೇಲೆ ರೋಗ. ಯಲಹಂಕದಲ್ಲಿ ಅಕ್ಕನ ಮನೆ. ತಾರಸಿ ಮೇಲೆ ಕಬ್ಬಿಣದ ಆಂಗಲ್ ಸ್ಟ್ಯಾಂಡ್, ಅದರ ಮೇಲೆ ಮೂರು ಇಂಚಿನ ಪಿವಿಸಿ ಪೈಪ್ ನಾಲ್ಕು ಸಾಲು. ಪೈಪಿಗೆ ತೂತು ಕೊರೆದು ಎರಡು ಇಂಚಿನ ನೆಟ್ ಪಾಟ್ ಕೂರಿಸಿದ್ದಾರೆ. ಕೆಳಗೆ ತೆಳು ನೀಲಿ ಡ್ರಮ್, ಅದರಲ್ಲಿ 60 ಲೀಟರ್ ಗೊಬ್ಬರದ ನೀರು, ಒಂದು ಕೂಲರ್ ಪಂಪು. ಪಂಪು ನೀರನ್ನು ಮೇಲಿನ ಪೈಪಿಗೆ ತಳ್ಳುತ್ತದೆ, ಅದು ತೆಳುವಾಗಿ ಬೇರು ತೋಯಿಸಿಕೊಂಡು ಒಂದೊಂದೇ ಪೈಪು ಇಳಿದು ವಾಪಸ್ ಡ್ರಮ್‌ಗೆ ಬೀಳುತ್ತದೆ. ಎನ್‌ಎಫ್‌ಟಿ ಅಂತಾರಲ್ಲ, ಅದೇ. ಮೇಲೆ 50 ಪರ್ಸೆಂಟ್ ಹಸಿರು ಶೇಡ್ ನೆಟ್. ಬೆಳೆ ಅಂದರೆ ಪಾಲಕ್, ಲೆಟ್ಯೂಸ್, ಬೇಸಿಲ್, ಮೂಲೆಯಲ್ಲಿ ಒಂದಿಷ್ಟು ಪುದೀನ. ಕಟ್ಟಿದ್ದು ಭಾವ, ನೋಡಿಕೊಳ್ಳುವುದು ಅಕ್ಕ, ಕೆಟ್ಟರೆ ಫೋನ್ ಬರುವುದು ನನಗೆ.

ಚಳಿಗಾಲ ಪೂರ್ತಿ ಸೊಪ್ಪು ಚೆನ್ನಾಗಿ ಬಂತು. ಮಾರ್ಚ್ ಬಿಸಿಲು ಶುರುವಾದ ಮೇಲೆ ಪಾಲಕ್ ಹಳದಿ. "ಐರನ್ ಹಾಕಿದೆ ಕಣೋ, ಎಪ್ಸಮ್ ಸಾಲ್ಟ್ ಹಾಕಿದೆ, ದಿನಾ ಬೆಳಗ್ಗೆ ಪಿಎಚ್ ಡೌನ್ ಹಾಕ್ತಿದೀನಿ, ಮಾರನೇ ದಿನ ನೋಡಿದ್ರೆ ಮತ್ತೆ ಏಳೂವರೆ. ಈ ಮೀಟರ್ರೇ ಸರಿ ಇಲ್ಲ ಅನ್ಸತ್ತೆ" ಅಂದಳು ಅಕ್ಕ. (ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, ಏಳು ನಡುಮಧ್ಯ, ಅದಕ್ಕಿಂತ ಕೆಳಗೆ ಹುಳಿ. ಪಿಎಚ್ ಡೌನ್ ಅಂದರೆ ಅದನ್ನು ಇಳಿಸುವ ಆಸಿಡ್.) ಇಷ್ಟು ಹೇಳಿದ್ದರಲ್ಲಿ ಉತ್ತರ ಆಗಲೇ ಇತ್ತು, ಆದರೂ ಹೋಗಿ ಒಂದೊಂದಾಗಿ ತಳ್ಳಿಹಾಕಿಕೊಂಡು ಬರಬೇಕಲ್ವಾ. ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಬೋರ್ ನೀರಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಯಾರಿಗಾದರೂ ಇದೇ ಕಥೆ ಆಗುವ ಸಾಧ್ಯತೆ ಜಾಸ್ತಿ.

ಮೊದಲ ಕೆಲಸ ಎಲೆ ನೋಡುವುದು. ಬಣ್ಣಕ್ಕಿಂತ ಮುಂಚೆ ನೋಡಬೇಕಾದ್ದು ಯಾವ ಎಲೆ ಅಂತ. ಗಿಡಕ್ಕೆ ಕೆಲವು ಪೋಷಕಾಂಶಗಳನ್ನು ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕಳಿಸಲು ಬರುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಷಿಯಂ ಇವೆಲ್ಲ ಹಾಗೆ ಓಡಾಡುವಂಥವು. ಅವು ಕಡಿಮೆಯಾದರೆ ಬುಡದ ಹಳೇ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಂದು ಸಲ ಎಲೆಗೆ ಸೇರಿದರೆ ಮುಗಿಯಿತು, ಅಲ್ಲಿಂದ ಕದಲುವುದಿಲ್ಲ. ಅವು ಕಡಿಮೆಯಾದರೆ ಹೊಸ ಎಲೆಗೇ ಮೊದಲ ಪೆಟ್ಟು. ಇದೊಂದು ತಿಳಿದರೆ ಅರ್ಧ ಪಟ್ಟಿ ಅಲ್ಲೇ ಹರಿದು ಹೋಗುತ್ತದೆ.

ಅಕ್ಕನ ಪಾಲಕ್‌ನಲ್ಲಿ ಹೊರಗಿನ ದೊಡ್ಡ ಎಲೆಗಳು ಹಸಿರಾಗಿಯೇ ಇದ್ದವು. ನಡುವಿನ ಎಳೆ ಎಲೆ ಮಾತ್ರ ಹಳದಿ. ಒಂದನ್ನು ಕಿತ್ತು ಆಕಾಶಕ್ಕೆ ಹಿಡಿದು ನೋಡಿದೆ. ನರಗಳು ಮಾತ್ರ ಹಸಿರು, ಸಣ್ಣ ಸಣ್ಣ ನರ ಕೂಡ ಬಲೆ ಬರೆದ ಹಾಗೆ ಎದ್ದು ಕಾಣುತ್ತಿತ್ತು, ಮಧ್ಯದ ಜಾಗ ಎಲ್ಲ ನಿಂಬೆ ಹಳದಿ. ತೀರಾ ಎಳೆಯ ಸುಳಿ ಹೆಚ್ಚುಕಡಿಮೆ ಬಿಳಿಚಿಕೊಂಡಿತ್ತು. ಬೇಸಿಲ್‌ನ ತುದಿಯೂ ಹಾಗೇ. ಇದು ಕಬ್ಬಿಣದ ಕೊರತೆಯ ಮುಖ. ಮ್ಯಾಂಗನೀಸ್ ಕಡಿಮೆಯಾದರೂ ಸ್ವಲ್ಪ ಹೀಗೇ ಕಾಣುತ್ತದೆ, ಆದರೆ ಅದರಲ್ಲಿ ನರದ ಅಕ್ಕಪಕ್ಕ ಹಸಿರು ಅಗಲವಾಗಿ ಉಳಿದು ಗೆರೆ ಇಷ್ಟು ಚೂಪಾಗಿ ಕಾಣುವುದಿಲ್ಲ. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಷಿಯಂ ಸಲ್ಫೇಟ್, ಅದು ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ. ಮೆಗ್ನೀಷಿಯಂ ಕೊರತೆಯಲ್ಲೂ ನರ ಹಸಿರು, ನಡುವೆ ಹಳದಿ, ಆದರೆ ಅದು ಹಳೇ ಎಲೆಯಲ್ಲಿ. ಸಾರಜನಕ ಕಡಿಮೆಯಾದರೆ ಹಳೇ ಎಲೆ ನರ ಸಮೇತ ಪೂರ್ತಿ ಪೇಲವ. ಪೊಟ್ಯಾಶ್ ಆದರೆ ಹಳೇ ಎಲೆಯ ಅಂಚು ಸುಟ್ಟು ಕಂದು.

ಒಂದು ಮಾತು ಇಲ್ಲಿ. ಎಲೆ ಬಣ್ಣದ ಚಾರ್ಟ್ ಅಂತ ನೆಟ್‌ನಲ್ಲಿ ಹುಡುಕಿದರೆ ಸಿಗುವ ಫೋಟೋಗಳಲ್ಲಿ ಬಹಳಷ್ಟು ಗಾಂಜಾ ಗಿಡದ್ದು. ಕೆನಡಾದಲ್ಲಿ 2018ರಿಂದ ಮನೆಯಲ್ಲಿ ಬೆಳೆಸಲು ಕಾನೂನಿನ ಅಡ್ಡಿ ಬಹುಪಾಲು ಹೋಯಿತು, ಅಮೆರಿಕದ ಕೆಲವು ರಾಜ್ಯಗಳಲ್ಲೂ ಹಾಗೇ. ಅಲ್ಲಿನವರು ಒಂದೊಂದು ಎಲೆಯನ್ನೂ ಫೋಟೋ ತೆಗೆದು ಇಟ್ಟಿದ್ದಾರೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬೆಳೆದರೆ ಜೈಲು, ಆ ಕಡೆ ಹೋಗುವುದೇ ಬೇಡ. ಆದರೆ ಹಳೇ ಎಲೆ, ಹೊಸ ಎಲೆ ಅನ್ನುವ ಲೆಕ್ಕ ಎಲ್ಲ ಗಿಡಕ್ಕೂ ಒಂದೇ, ಆ ಫೋಟೋಗಳನ್ನು ಪಾಲಕ್ ಪಕ್ಕ ಇಟ್ಟುಕೊಂಡು ನೋಡಬಹುದು. ಅವರ ಗೊಬ್ಬರದ ಪ್ರಮಾಣ ಮಾತ್ರ ನಕಲು ಮಾಡಬೇಡಿ. ಅದು ಹೂ ಬಿಡಿಸಲು ಕೊಡುವ ಭಾರಿ ಡೋಸು, ಲೆಟ್ಯೂಸ್ ತಡೆಯುವುದಿಲ್ಲ.

ಎಲೆ ತಿರುಗಿಸಿ ಫೋನ್ ಕ್ಯಾಮೆರಾ ಝೂಮ್ ಮಾಡಿ ನುಸಿ, ಥ್ರಿಪ್ಸ್ ಇದೆಯಾ ಅಂತ ನೋಡಿದೆ. ಇರಲಿಲ್ಲ. ನೆಟ್ ಪಾಟ್ ಎತ್ತಿ ಬೇರು ನೋಡಿದೆ. ಬಿಳಿ ಬೇರು, ಮೇಲೆ ಸ್ವಲ್ಪ ಕಂದು ಲೇಪ, ಕೊಳೆತ ವಾಸನೆ ಇಲ್ಲ, ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಬರಲಿಲ್ಲ. ಬೇರು ಕೊಳೆತಿದ್ದರೆ ಮೇಲಿನ ಎಲೆಯಲ್ಲಿ ಏನು ಬೇಕಾದರೂ ಕಾಣಬಹುದು, ಆಗ ಗೊಬ್ಬರದ ಲೆಕ್ಕ ಹಾಕುತ್ತಾ ಕೂರುವುದು ದಂಡ. ಇಲ್ಲಿ ಬೇರು ಬದುಕಿತ್ತು. ಸರಿ, ಮುಂದಕ್ಕೆ.

ಮೀಟರ್ ಮೇಲೆ ಅಕ್ಕನಿಗೆ ಅನುಮಾನ ಇತ್ತಲ್ಲ, ಅದನ್ನು ಮೊದಲು ತೀರಿಸಿಬಿಡೋಣ ಅಂತ ಬಫರ್ ಪುಡಿ, ಅಂದರೆ ಕರಗಿಸಿದರೆ ಗೊತ್ತಿರುವ ಪಿಎಚ್ ಕೊಡುವ ಪುಡಿ, ತೆಗೆದುಕೊಂಡು ಹೋಗಿದ್ದೆ. ಒಂದು ಪೊಟ್ಟಣ 6.86ರದ್ದು, ಇನ್ನೊಂದು 4.01ರದ್ದು. ಪ್ರತಿಯೊಂದನ್ನೂ 250 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಮೀಟರ್ ಅದ್ದಿದರೆ 6.9, 4.1. ಹಳದಿ ಬಣ್ಣದ ಅಗ್ಗದ ಪೆನ್ ಮೀಟರ್‌ಗೆ ಇದು ಬೇಕಾದಷ್ಟಾಯಿತು. ಸ್ಕ್ರೂ ತಿರುಗಿಸಿ ಸರಿ ಮಾಡಿದೆ. ಈ ಮೀಟರ್ ಇರುವವರು ಗಮನಿಸಿ, ತುದಿಯ ಗಾಜಿನ ಬಲ್ಬ್ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು. ಕ್ಯಾಪಿನೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ನಾಲ್ಕು ಹನಿ ಹಾಕಿಡಿ. ಅದು ಸಿಗದಿದ್ದರೆ 4.01 ಬಫರ್ ಆದರೂ ಸಾಕು.

ಆಮೇಲೆ ರೀಡಿಂಗ್. ಇಸಿ ಅಂದರೆ ನೀರಿನ ವಿದ್ಯುತ್ ವಾಹಕತೆ, ಕರಗಿದ ಉಪ್ಪು ಜಾಸ್ತಿಯಾದಷ್ಟೂ ಏರುತ್ತದೆ.

ಡ್ರಮ್: ಪಿಎಚ್ 7.5, ಇಸಿ 1.9.
ಬೋರ್ ನೀರು, ಬರೀ ನಲ್ಲಿಯಿಂದ: ಪಿಎಚ್ 7.4, ಇಸಿ 1.0.
ಅಡುಗೆಮನೆ ಆರ್‌ಓ ನೀರು: ಇಸಿ 0.1ಕ್ಕಿಂತ ಕಡಿಮೆ.
ಡ್ರಮ್ ನೀರಿನ ಬಿಸಿ, ಮಧ್ಯಾಹ್ನ: 31 ಡಿಗ್ರಿ.

ಎರಡನೇ ಸಾಲು ನೋಡಿ. ಗೊಬ್ಬರ ಒಂದು ಚಿಟಿಕೆ ಹಾಕುವ ಮುಂಚೆಯೇ ನೀರಿನ ಇಸಿ 1.0. ಅಂದರೆ ಡ್ರಮ್‌ನಲ್ಲಿ ಕಾಣುವ 1.9ರಲ್ಲಿ ಅರ್ಧಕ್ಕಿಂತ ಜಾಸ್ತಿ ಬೋರ್‌ವೆಲ್‌ನ ಸ್ವಂತ ಉಪ್ಪು. ಅಕ್ಕ "ಸೊಪ್ಪಿಗೆ 1.8 ಸಾಕು ಅಂತ ಓದಿದೀನಿ, ಅಷ್ಟೇ ಇಟ್ಟಿದೀನಿ" ಅಂದಳು. ಓದಿದ್ದು ಸರಿಯೇ. ಆದರೆ ಇಸಿ ಮೀಟರ್‌ಗೆ ಗೊಬ್ಬರ ಯಾವುದು, ಗಡಸು ನೀರಿನ ಉಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಒಟ್ಟಿಗೆ ಎಣಿಸಿಬಿಡುತ್ತದೆ. ಗಿಡಕ್ಕೆ ಸಿಗುತ್ತಿದ್ದದ್ದು ಹೆಚ್ಚೆಂದರೆ 0.9 ಅಷ್ಟರ ಊಟ.

ಈಗ ನಿಜವಾದ ತಲೆನೋವು, ಪಿಎಚ್. ಹೈಡ್ರೋಪೋನಿಕ್ಸ್‌ನಲ್ಲಿ 5.5ರಿಂದ 6.5ರ ಒಳಗೆ ಇಡಬೇಕು ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೇಲೆ ಹೋದರೆ ಕಬ್ಬಿಣ ನೀರಿನಲ್ಲಿ ಇದ್ದೂ ಇಲ್ಲದ ಹಾಗೆ, ತುಕ್ಕಿನಂತೆ ಗಟ್ಟಿಯಾಗಿ ತಳ ಸೇರುತ್ತದೆ. ಅದನ್ನು ತಡೆಯಲೆಂದೇ ಕಬ್ಬಿಣವನ್ನು ಕೀಲೇಟ್ ಮಾಡಿ, ಅಂದರೆ ಇನ್ನೊಂದು ಅಣುವಿನ ಹಿಡಿತದಲ್ಲಿ ಕರಗಿದಂತೆಯೇ ಇಟ್ಟು, ಮಾರುತ್ತಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಇಡಿಟಿಎ ಕೀಲೇಟ್, 12 ಪರ್ಸೆಂಟ್ ಕಬ್ಬಿಣ. ಅದು ಸುಮಾರು 6.5ರವರೆಗೆ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿಂದ ಮೇಲೆ ಕೈಬಿಡಲು ಶುರು. ಡಿಟಿಪಿಎ ಏಳರ ಆಸುಪಾಸಿನವರೆಗೆ ಬರುತ್ತದೆ. ಇಡಿಡಿಎಚ್‌ಎ ಅಂತ ಇನ್ನೊಂದು ಇದೆ, 6 ಪರ್ಸೆಂಟ್, ಬೆಲೆ ಜಾಸ್ತಿ, ಒಂಬತ್ತಕ್ಕೂ ಜಗ್ಗುವುದಿಲ್ಲ. ಅಕ್ಕ ಹಾಕಿದ್ದು ಇಡಿಟಿಎ, ಡ್ರಮ್ ಪಿಎಚ್ 7.5. ಹಾಕಿದ ಕಬ್ಬಿಣದಲ್ಲಿ ಗಿಡಕ್ಕೆ ಎಷ್ಟು ಸಿಕ್ಕಿರಬಹುದು ಅಂತ ಊಹಿಸಿಕೊಳ್ಳಿ.

ಹಾಗಾದರೆ ದಿನಾ ಪಿಎಚ್ ಡೌನ್ ಹಾಕಿದರೂ ಯಾಕೆ ನಿಲ್ಲಲಿಲ್ಲ? ಬಕೆಟ್‌ಗೆ ಹತ್ತು ಲೀಟರ್ ಬೋರ್ ನೀರು ಹಿಡಿದು, ಗೊಬ್ಬರ ಏನೂ ಹಾಕದೆ, ಬರೀ ಆಸಿಡ್ ಹನಿ ಹನಿಯಾಗಿ ಬಿಟ್ಟು 5.8ಕ್ಕೆ ತಂದೆ. ಒಳಗೆ ಅಕ್ವೇರಿಯಂ ಏರ್ ಪಂಪ್‌ನ ಕಲ್ಲು ಇಳಿಬಿಟ್ಟು ಕಾಫಿ ಕುಡಿಯಲು ಕೆಳಗೆ ಹೋದೆವು. ಬಂದು ನೋಡಿದರೆ 6.6. ಗಿಡ ಇಲ್ಲ, ಗೊಬ್ಬರ ಇಲ್ಲ, ಪಿಎಚ್ ತಾನೇ ಏರಿದೆ. ಅಕ್ಕನಿಗೆ ಮೀಟರ್ ಮೇಲಿನ ಅನುಮಾನ ಹೋಗಿದ್ದು ಆಗಲೇ.

ಇದರ ಹಿಂದೆ ಇರುವುದು ಬೈಕಾರ್ಬನೇಟ್. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ನಲ್ಲಿ ಬಾಯಲ್ಲಿ, ಬಕೆಟ್ ಒಳಗೆ, ಅದರ ಅರ್ಧ ಭಾಗ ಇದೇ. ನೀರಿನಲ್ಲಿರುವ ಬೈಕಾರ್ಬನೇಟ್ ಆಸಿಡ್ ಬಂದಾಗ ಅದನ್ನು ತಿಂದುಹಾಕಿ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆ ಅನಿಲ ಸ್ವಲ್ಪ ಹೊತ್ತು ನೀರಿನಲ್ಲೇ ಕರಗಿರುತ್ತದೆ, ಅಷ್ಟು ಹೊತ್ತು ಪಿಎಚ್ ಕೆಳಗೆ ಕಾಣುತ್ತದೆ. ಪೈಪಿನಲ್ಲಿ ನೀರು ಓಡಾಡಿ, ಡ್ರಮ್‌ಗೆ ಧೊಪ್ಪನೆ ಬಿದ್ದು ಅನಿಲ ಹಾರಿ ಹೋದ ಹಾಗೆ ಪಿಎಚ್ ಮತ್ತೆ ಮೇಲಕ್ಕೆ. ಪಿಎಚ್ ಅನ್ನುವುದು ಆ ಕ್ಷಣದ ರೀಡಿಂಗ್ ಅಷ್ಟೇ. ನೀರು ಒಟ್ಟು ಎಷ್ಟು ಆಸಿಡ್ ತಿನ್ನಬಲ್ಲದು ಅನ್ನುವುದು ಆಲ್ಕಲಿನಿಟಿ. ಎರಡು ನೀರಿನ ಪಿಎಚ್ ಒಂದೇ ಇದ್ದು ಆಲ್ಕಲಿನಿಟಿ ಹತ್ತು ಪಟ್ಟು ಬೇರೆ ಇರಬಹುದು. ನನ್ನ ಕೇಳಿದರೆ ಬೋರ್ ನೀರಿನವರು ಪಿಎಚ್ ಮೀಟರ್ ಕೊಳ್ಳುವ ಮುಂಚೆ ಇದನ್ನು ಅಳೆಯಬೇಕು.

ಅಳೆಯಲು ಲ್ಯಾಬ್ ಬೇಡ. ಮೀನು ಸಾಕುವವರ ಅಂಗಡಿಯಲ್ಲಿ ಕೆಎಚ್ (ಕಾರ್ಬನೇಟ್ ಗಡಸುತನ) ಟೆಸ್ಟ್ ಕಿಟ್ ಅಂತ ಸಿಗುತ್ತದೆ. ಗಾಜಿನ ಟ್ಯೂಬಿನಲ್ಲಿ 5 ಮಿಲಿ ನೀರು, ಅದಕ್ಕೆ ಬಾಟಲಿಯಿಂದ ಹನಿ ಬಿಡುತ್ತಾ ಅಲ್ಲಾಡಿಸುತ್ತಾ ಎಣಿಸುವುದು. ಮೊದಲು ನೀಲಿ ಇರುತ್ತದೆ, ಮುಗಿಯುವ ಹನಿಗೆ ತಟ್ಟನೆ ಹಳದಿ. ಒಂದು ಹನಿಗೆ ಲೀಟರಿಗೆ 17.9 ಮಿಲಿಗ್ರಾಂ ಲೆಕ್ಕ, ಕ್ಯಾಲ್ಸಿಯಂ ಕಾರ್ಬನೇಟ್ ರೂಪದಲ್ಲಿ ಎಣಿಸಿದ್ದು. ಬೋರ್ ನೀರಿಗೆ ಹನಿ ಬಿಡುತ್ತಾ ಹೋದೆ, ಹತ್ತಕ್ಕೂ ನೀಲಿ, ಹದಿನೈದಕ್ಕೂ ನೀಲಿ. ಭಾವ ಪಕ್ಕದಲ್ಲಿ ನಿಂತು "ಬಾಟ್ಲಿ ಖಾಲಿ ಮಾಡ್ತೀಯೇನಪ್ಪಾ" ಅಂದರು. 17ಕ್ಕೆ ತಿರುಗಿತು. ಅಂದರೆ ಲೀಟರಿಗೆ 300 ಮಿಲಿಗ್ರಾಂ ಚಿಲ್ಲರೆ. ಆರ್‌ಓ ನೀರು ಒಂದೇ ಹನಿಗೆ ಹಳದಿ. ಸಂಪಿನ ಪಕ್ಕ ಭಾವ ಮಳೆನೀರು ಹಿಡಿದಿಡುವ ಇನ್ನೊಂದು ಟ್ಯಾಂಕ್ ಇದೆ, ಅದೂ ಒಂದೇ ಹನಿ.

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರಾಗದೆ ಓದಿ, ಯಾಕೆಂದರೆ ಎಡವಟ್ಟಾಗುವುದು ಇಲ್ಲೇ. 300 ಮಿಲಿಗ್ರಾಂ ಅಂದರೆ ಲೀಟರಿಗೆ 6 ಮಿಲಿ ಈಕ್ವಿವೆಲೆಂಟ್ (ಎಷ್ಟು ಆಸಿಡ್ ತಿನ್ನಬಲ್ಲದು ಅನ್ನುವ ಅಳತೆ). ಪಿಎಚ್ 5.8ಕ್ಕೆ ತಂದು ಅಲ್ಲೇ ನಿಲ್ಲಿಸಬೇಕಾದರೆ ಅದರಲ್ಲಿ ಸುಮಾರು ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕೊಲ್ಲಬೇಕು. 60 ಲೀಟರಿಗೆ 85 ಪರ್ಸೆಂಟಿನ ಫಾಸ್ಪರಿಕ್ ಆಸಿಡ್ ಹತ್ತಿರ ಹತ್ತಿರ 19 ಮಿಲಿ ಆಗುತ್ತದೆ. ಆಗಲಿ ಬಿಡು, ಹಾಕಿದರಾಯಿತು ಅನ್ನಬಹುದು. ಆದರೆ ಫಾಸ್ಪರಿಕ್ ಆಸಿಡ್ ಅಂದರೆ ರಂಜಕ. ಅಷ್ಟು ಆಸಿಡ್ ಹಾಕಿದರೆ ನೀರಿನಲ್ಲಿ ಲೀಟರಿಗೆ 145 ಮಿಲಿಗ್ರಾಂ ಮೀರಿ ರಂಜಕ ಸೇರುತ್ತದೆ, ಸೊಪ್ಪಿಗೆ ಬೇಕಾದ್ದು 30ರಿಂದ 50. ಜಾಸ್ತಿಯಾದ ರಂಜಕ ಕಬ್ಬಿಣವನ್ನು, ಸತುವನ್ನು ಹಿಡಿದು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಜೊತೆ ಸೇರಿ ನೀರನ್ನು ಮಬ್ಬು ಮಾಡುತ್ತದೆ. ಕಬ್ಬಿಣ ಸಿಗಲಿ ಅಂತ ಪಿಎಚ್ ಇಳಿಸಲು ಹೋಗಿ, ಅದೇ ಬಾಟಲಿಯಿಂದ ಕಬ್ಬಿಣಕ್ಕೆ ಇನ್ನೊಂದು ಬೀಗ. ಅಂಗಡಿಯ ಪಿಎಚ್ ಡೌನ್ ಬಹುತೇಕ ಇದೇ ಆಸಿಡ್, ನೀರು ಬೆರೆಸಿದ್ದು.

ಅದರ ಮೇಲೆ ಬೇಸಿಗೆ. ಗಿಡ ಬಿಸಿಲಿಗೆ ನೀರನ್ನು ಆವಿ ಮಾಡಿ ಬಿಡುತ್ತದೆ, ಉಪ್ಪು ಡ್ರಮ್‌ನಲ್ಲೇ ಉಳಿಯುತ್ತದೆ, ಕಡಿಮೆಯಾದಷ್ಟು ಅಕ್ಕ ಬೋರ್ ನೀರನ್ನೇ ತುಂಬುತ್ತಾಳೆ. ಪ್ರತಿ ಬಿಂದಿಗೆಯಲ್ಲೂ ಹೊಸ ಬೈಕಾರ್ಬನೇಟ್. ಜೊತೆಗೆ ಗಿಡ ನೈಟ್ರೇಟ್ ಹೀರುವಾಗ ಬೇರಿನಿಂದ ಕ್ಷಾರ ಬಿಡುತ್ತದೆ, ಅದೂ ಪಿಎಚ್ ಏರಿಸುತ್ತದೆ. ಚಳಿಗಾಲದಲ್ಲಿ ನೀರು ಕಡಿಮೆ ಖರ್ಚು, ಭಾವ ಮಳೆನೀರಿನ ಟ್ಯಾಂಕಿನಿಂದ ತುಂಬಿಸುತ್ತಿದ್ದರಂತೆ, ಅದಕ್ಕೇ ಆಗ ಏನೂ ಕಾಣಲಿಲ್ಲ.

ರಿಪೇರಿಗೆ ಇಳಿಯುವ ಮುಂಚೆ ಒಂದು ಸುಲಭದ ಪರೀಕ್ಷೆ ಮಾಡಿದೆ, ಇದನ್ನು ಎಲ್ಲರಿಗೂ ಹೇಳುತ್ತೇನೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಇಡಿಟಿಎ ಕಬ್ಬಿಣ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸಂಜೆ ಬಿಸಿಲು ಇಳಿದ ಮೇಲೆ ಮಕ್ಕಳ ಪೇಂಟ್ ಬ್ರಷ್‌ನಲ್ಲಿ ಪಾಲಕ್ ಎಲೆಯ ನಡುನರದಿಂದ ಎಡಗಡೆ ಅರ್ಧಕ್ಕೆ ಮಾತ್ರ ಬಳಿದೆ. ಬಲಗಡೆ ಹಾಗೇ ಬಿಟ್ಟೆ. ಕೆಲವು ದಿನಕ್ಕೆ ಅಕ್ಕ ಫೋಟೋ ಕಳಿಸಿದಳು. ಎಡಗಡೆ ಹಸಿರು ತಿರುಗಿದೆ, ಬ್ರಷ್ ತಾಗದ ಕಡೆ ಸಣ್ಣ ಹಳದಿ ಮಚ್ಚೆ ಹಾಗೇ ಉಳಿದಿದೆ, ಬಲಗಡೆ ಪೂರ್ತಿ ಹಳದಿ. ಒಂದೇ ಎಲೆಯಲ್ಲಿ ಎರಡು ಬಣ್ಣ, ನಡುವೆ ನರ ಗೆರೆ ಎಳೆದಂತೆ. ಇನ್ನು ಕಬ್ಬಿಣವೋ ಅಲ್ಲವೋ ಅನ್ನುವ ಚರ್ಚೆ ಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ವೆಜಿಟೇಬಲ್ ಸ್ಪೆಷಲ್ ಪುಡಿಯೂ ಮನೆಯಲ್ಲಿತ್ತು, "ಇದನ್ನೇ ಡ್ರಮ್‌ಗೆ ಹಾಕ್ಲಾ" ಅಂತ ಕೇಳಿದಳು. ಬೇಡ ಅಕ್ಕ, ಅದು ಎಲೆಗೆ ಸಿಂಪಡಿಸಲು ಮಾಡಿದ್ದು, ಕುಂಡದ ಬದನೆ, ಟೊಮೆಟೊಗೆ ಇಟ್ಟುಕೋ ಅಂದೆ.

ಭಾನುವಾರ ಡ್ರಮ್ ಖಾಲಿ ಮಾಡಿದೆವು. ಹಳೇ ನೀರನ್ನು ಚರಂಡಿಗೆ ಬಿಡಲಿಲ್ಲ, ಕೆಳಗಿನ ತೆಂಗು, ದಾಸವಾಳಕ್ಕೆ ಹೋಯಿತು. ಡ್ರಮ್ ತಳದಲ್ಲಿ ಕಂದು ಕೆಸರು, ಬೆರಳಲ್ಲಿ ಉಜ್ಜಿದರೆ ನಯವಾದ ತುಕ್ಕಿನ ಬಣ್ಣ. ಅಕ್ಕ ಹಾಕಿದ ಐರನ್‌ನಲ್ಲಿ ಒಂದು ಪಾಲು ಅಲ್ಲಿ ಮಲಗಿತ್ತು. ಗೋಡೆಗೆ ಹಸಿರು ಪಾಚಿ. ತೆಳು ನೀಲಿ ಡ್ರಮ್ ಅಲ್ವಾ, ಒಳಗೆ ಬೆಳಕು ಬರುತ್ತದೆ. ಪಾಚಿ ಹಗಲು ಇಂಗಾಲದ ಡೈ ಆಕ್ಸೈಡ್ ಹೀರಿ ಪಿಎಚ್ ಏರಿಸುತ್ತದೆ, ರಾತ್ರಿ ಸ್ವಲ್ಪ ಇಳಿಸುತ್ತದೆ, ಬೆಳಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಒಂದು. ಬೆಳಕು ಕಬ್ಬಿಣದ ಕೀಲೇಟನ್ನೂ ಒಡೆಯುತ್ತದೆ. ಡ್ರಮ್ ಹೊರಗೆ ಮೊದಲು ಕಪ್ಪು ಪೇಂಟ್, ಒಣಗಿದ ಮೇಲೆ ಬಿಸಿಲು ಹೀರದಿರಲಿ ಅಂತ ಬಿಳಿ. ಪಂಪಿನಿಂದ ಮೇಲೆ ಹೋಗುವ ಪಾರದರ್ಶಕ ಟ್ಯೂಬ್ ಕಿತ್ತು ಕಪ್ಪು ಡ್ರಿಪ್ ಪೈಪ್ ಹಾಕಿದೆ. ಪಂಪಿನ ಜಾಲರಿಗೆ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು, ವಿನೆಗರ್‌ನಲ್ಲಿ ನೆನೆಸಿಟ್ಟು ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಹೋಯಿತು.

ನೀರು ಹೊಸದಾಗಿ: 20 ಲೀಟರ್ ಬೋರ್, 40 ಲೀಟರ್ ಮಳೆನೀರು. ಬೋರ್ ನೀರನ್ನು ಪೂರ್ತಿ ಬಿಡಲಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಟ್ಟಿ ಸಿಗುತ್ತದೆ, ಮತ್ತು ಬೈಕಾರ್ಬನೇಟ್ ಒಂದಿಷ್ಟು ಉಳಿದರೆ ಪಿಎಚ್ ಹುಚ್ಚಾಪಟ್ಟೆ ಕುಣಿಯುವುದಿಲ್ಲ. ಬರೀ ಆರ್‌ಓ ನೀರಿನಲ್ಲಿ ಒಂದು ಹನಿ ಆಸಿಡ್‌ಗೂ ಪಿಎಚ್ ಧಡಾರನೆ ಬೀಳುತ್ತದೆ. ಬೆರಕೆ ನೀರಿನ ಕೆಎಚ್ ಆರು ಹನಿ. ಇದಕ್ಕೆ ಬೇಕಾದ ಆಸಿಡ್ ಸುಮಾರು 7 ಮಿಲಿ, ಅದರಿಂದ ಬರುವ ರಂಜಕ ಲೀಟರಿಗೆ 50 ಮಿಲಿಗ್ರಾಂ ಚಿಲ್ಲರೆ. ನೋಡಿ, ಸೊಪ್ಪಿಗೆ ಬೇಕಾದ ರಂಜಕ ಪೂರ್ತಿ ಆಸಿಡ್‌ನಿಂದಲೇ ಬಂತು. ಹಾಗಾಗಿ ರಂಜಕಕ್ಕೆಂದು ಹಾಕುವ 0:52:34 ಗೊಬ್ಬರವನ್ನೇ ಪಟ್ಟಿಯಿಂದ ತೆಗೆದೆ.

ಆಸಿಡ್ ವಿಷಯದಲ್ಲಿ ಹುಡುಗಾಟ ಬೇಡ. 85 ಪರ್ಸೆಂಟಿನದನ್ನು ನೇರವಾಗಿ ಡ್ರಮ್‌ಗೆ ಸುರಿಯಬಾರದು. ಕನ್ನಡಕ, ಗ್ಲೋವ್ಸ್ ಹಾಕಿಕೊಂಡು, 63 ಮಿಲಿ ನೀರಿಗೆ 7 ಮಿಲಿ ಆಸಿಡ್ ನಿಧಾನವಾಗಿ ಬೆರೆಸಿದೆ. ನೀರಿಗೆ ಆಸಿಡ್, ಆಸಿಡ್‌ಗೆ ನೀರು ಯಾವತ್ತೂ ಅಲ್ಲ. ಆ 70 ಮಿಲಿಯಲ್ಲಿ ಮುಕ್ಕಾಲು ಪಾಲು ಮೊದಲು ಡ್ರಮ್‌ಗೆ, ಏರ್ ಸ್ಟೋನ್ ಹಾಕಿ ರಾತ್ರಿ ಬಿಟ್ಟು, ಅನಿಲ ಹಾರಿ ಹೋದ ಮೇಲೆ ಬೆಳಗ್ಗೆ ನೋಡಿ ಉಳಿದದ್ದು. ಈ ರಾತ್ರಿ ಬಿಡುವುದು ಮುಖ್ಯ. ಸುರಿದ ಐದು ನಿಮಿಷಕ್ಕೆ ಕಾಣುವ ಪಿಎಚ್ ನಂಬುವಂಥದ್ದಲ್ಲ. ನಿಂಬೆ ಉಪ್ಪು, ವಿನೆಗರ್ ಸಾಲದಾ ಅಂತ ಕೆಲವರು ಕೇಳುತ್ತಾರೆ. ಒಂದೆರಡು ದಿನಕ್ಕೆ ಸಾಕು, ಆಮೇಲೆ ನೀರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸಿ ಪಿಎಚ್ ಮತ್ತೆ ಮೇಲಕ್ಕೆ.

ಗೊಬ್ಬರ ಎಲ್ಲ ರಸಗೊಬ್ಬರದ ಅಂಗಡಿಯಲ್ಲಿ ಸಿಗುವಂಥದ್ದೇ. 60 ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 30 ಗ್ರಾಂ, 13:0:45 ಪೊಟ್ಯಾಸಿಯಂ ನೈಟ್ರೇಟ್ 24 ಗ್ರಾಂ, ಎಪ್ಸಮ್ ಸಾಲ್ಟ್ 15 ಗ್ರಾಂ, ಮೈಕ್ರೋನ್ಯೂಟ್ರಿಯೆಂಟ್ ಪ್ಯಾಕೆಟ್ ಮೇಲೆ ಹೇಳಿದಷ್ಟು. ಕ್ಯಾಲ್ಸಿಯಂ ನೈಟ್ರೇಟನ್ನು ಒಂದು ಮಗ್‌ನಲ್ಲಿ, ಉಳಿದದ್ದನ್ನು ಇನ್ನೊಂದರಲ್ಲಿ ಬೇರೆ ಬೇರೆ ಕರಗಿಸಿ, ಒಂದನ್ನು ಡ್ರಮ್‌ಗೆ ಹಾಕಿ ಚೆನ್ನಾಗಿ ಕಲಕಿದ ಮೇಲೇ ಇನ್ನೊಂದು. ಗಟ್ಟಿ ದ್ರಾವಣದಲ್ಲಿ ಎರಡೂ ಸೇರಿದರೆ ಜಿಪ್ಸಮ್ ಆಗಿ ಸುಣ್ಣದ ನೀರಿನ ಥರ ತಳ ಸೇರುತ್ತದೆ. ಅಕ್ಕನ ಹತ್ತಿರ ಇದ್ದ 19:19:19 ಬಳಸಲಿಲ್ಲ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಯಾ. ಮಣ್ಣಿನಲ್ಲಿ ಸರಿ, ಇಲ್ಲಿ ಅದನ್ನು ಬದಲಾಯಿಸಿ ಕೊಡುವ ಸೂಕ್ಷ್ಮಜೀವಿ ಸಾಕಷ್ಟು ಇರುವುದಿಲ್ಲ.

ಕಬ್ಬಿಣಕ್ಕೆ ಈ ಸಲ ಇಡಿಡಿಎಚ್‌ಎ, 2 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ 2 ಗ್ರಾಂ ಸರಿಯಾಗಿ ತೂಗಲು ಆಗುವುದಿಲ್ಲ, ಚಿನ್ನ ತೂಗುವ ಸಣ್ಣ ಪಾಕೆಟ್ ತಕ್ಕಡಿ ಬೇಕು. ಹಾಕಿದ ಕೂಡಲೇ ನೀರೆಲ್ಲ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ಅಕ್ಕ ಗಾಬರಿಯಾದಳು, "ಇದನ್ನು ತಿನ್ನಬಹುದೇನೋ?" ಅಂತ. ತಿನ್ನಬಹುದು, ಬಣ್ಣ ಆ ಕೀಲೇಟಿನ ಸ್ವಭಾವ, ಎಲೆಗೆ ಬರುವುದಿಲ್ಲ.

ಬೆಳಗ್ಗೆ ಪಿಎಚ್ 5.8, ಇಸಿ 1.6. ಮೊದಲಿಗಿಂತ ಇಸಿ ಕಡಿಮೆ, ಆದರೆ ಅದರಲ್ಲಿ ಊಟ ಜಾಸ್ತಿ.

ಆಮೇಲೆ ಏನಾಯಿತು ಅಂದರೆ, ಹಳದಿಯಾಗಿದ್ದ ಎಲೆಗಳು ಪೂರ್ತಿ ಹಸಿರಾಗಲಿಲ್ಲ. ತೀರಾ ಬಿಳಿಚಿದ್ದ ಸುಳಿಗಳು ಅಂಚಿನಲ್ಲಿ ಒಣಗಿದವು. ಹಳೇ ಎಲೆ ನೋಡಿ ಔಷಧಿ ಕೆಲಸ ಮಾಡಲಿಲ್ಲ ಅಂತ ಮತ್ತೆ ಮತ್ತೆ ಏನೇನೋ ಸುರಿಯುವವರು ಇದ್ದಾರೆ. ನೋಡಬೇಕಾದ್ದು ನೀರು ಬದಲಿಸಿದ ಮೇಲೆ ಬಂದ ಎಲೆಯನ್ನು. ಪಾಲಕ್‌ನ ಹೊಸ ಎಲೆ ಕಡು ಹಸಿರಾಗಿಯೇ ಬಿಚ್ಚಿಕೊಂಡಿತು. ಬೇಸಿಲ್ ಸ್ವಲ್ಪ ನಿಧಾನ, ತುದಿ ಚಿವುಟಿದ ಮೇಲೆ ಪಕ್ಕದ ಚಿಗುರು ಸರಿಯಾಗಿ ಬಂತು. ಪಿಎಚ್ ಈಗಲೂ ಏರುತ್ತದೆ, 5.8ರಿಂದ ವಾರಕ್ಕೆ 6.3ರ ಹತ್ತಿರ. ಅದು ಗಿಡ ನೈಟ್ರೇಟ್ ತಿನ್ನುತ್ತಿರುವ ಲಕ್ಷಣ, ಒಳ್ಳೆಯದೇ. 6.4 ದಾಟುವ ತನಕ ಬಾಟಲಿ ಮುಟ್ಟಬೇಡ ಅಂತ ಅಕ್ಕನಿಗೆ ಹೇಳಿದ್ದೇನೆ. ದಿನಾ 5.8ಕ್ಕೇ ತಂದು ನಿಲ್ಲಿಸುವ ಹಟ ಬೇಡ, ಗಿಡಕ್ಕೆ ಆ ಏರಿಳಿತದಿಂದ ಏನೂ ಆಗುವುದಿಲ್ಲ.

ಲೆಟ್ಯೂಸ್ ಮಾತ್ರ ಬೇರೆ ಕೇಸು. ಅದರಲ್ಲಿ ಒಳಗಿನ ಎಳೆ ಎಲೆಯ ಅಂಚು ಕಂದಾಗಿ ಸುಟ್ಟಂತೆ ಇತ್ತು. ಅದು ಕ್ಯಾಲ್ಸಿಯಂ ತಲುಪದ ಟಿಪ್ ಬರ್ನ್, ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಬರುತ್ತದೆ. ಗಾಳಿ ಆಡದ, ಮುಚ್ಚಿಕೊಂಡ ಒಳ ಎಲೆಗೆ ನೀರಿನ ಹರಿವು ಸಾಲುವುದಿಲ್ಲ, ಕ್ಯಾಲ್ಸಿಯಂ ಆ ಹರಿವಿನ ಜೊತೆಗೇ ಹೋಗಬೇಕು. ಜೊತೆಗೆ 31 ಡಿಗ್ರಿ ನೀರು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ಕಡೆ 30ರಲ್ಲಿ ಏಳೂವರೆ, ಅದೂ ಸಮುದ್ರಮಟ್ಟದ ಲೆಕ್ಕ, ಬೆಂಗಳೂರಿನ ಎತ್ತರಕ್ಕೆ ಇನ್ನೂ ಕಡಿಮೆ. ಬೇರು ಕೊಳೆಸುವ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ ಇಂಥ ನೀರು ಹಬ್ಬ. ಡ್ರಮ್ ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಮಧ್ಯಾಹ್ನ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿ ತೇಲಿಬಿಟ್ಟರೆ 27ರ ಹತ್ತಿರ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ಬೆಳೆದ ಲೆಟ್ಯೂಸ್ ಕಡೆಗೆ ಬಿಸಿಲಿಗೆ ದಂಟು ಎದ್ದು ಕಹಿಯಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಅದನ್ನು ಬಿಟ್ಟು ದಂಟಿನಸೊಪ್ಪು, ಬಸಳೆ ಹಾಕು ಅಂದೆ. ಅಕ್ಕ ಒಪ್ಪಿದಳು, ಮಕ್ಕಳು ಒಪ್ಪಲಿಲ್ಲ, ಅವರಿಗೆ ಸ್ಯಾಂಡ್‌ವಿಚ್‌ಗೆ ಲೆಟ್ಯೂಸೇ ಬೇಕು.

ಉಳಿದಿರುವುದು ನೀರಿನ ಏರ್ಪಾಟು. ಮಳೆನೀರಿನ ಟ್ಯಾಂಕ್ ಬೇಸಿಗೆ ಮುಗಿಯುವವರೆಗೆ ಬರುವುದಿಲ್ಲ. ಅದು ತಳ ಕಂಡ ಮೇಲೆ ಆರ್‌ಓ ನೀರು. "ಸೊಪ್ಪಿಗೆ ಆರ್‌ಓ ನೀರು, ನಮಗೆ ಸ್ನಾನಕ್ಕೆ ಉಪ್ಪು ನೀರು, ಚೆನ್ನಾಗಿದೆ ನಿನ್ನ ನ್ಯಾಯ" ಅಂತ ಭಾವ ಆಗಲೇ ಶುರು ಮಾಡಿದ್ದಾರೆ. ಆರ್‌ಓ ಹೊರಗೆ ಬಿಡುವ ವೇಸ್ಟ್ ನೀರು ಅವರಿಗೆ ನೋಡಲಾಗುವುದಿಲ್ಲ. ಅದನ್ನು ಒಂದು ಪೈಪ್ ಹಾಕಿ ತಾರಸಿ ತೊಳೆಯುವ, ಮಾಪ್ ಮಾಡುವ ಡ್ರಮ್‌ಗೆ ತಿರುಗಿಸುವ ಕೆಲಸ ಮುಂದಿನ ವಾರ ಇದೆ, ಕಾಲಿಂಚಿನ ಟ್ಯೂಬ್, ಎರಡು ಪುಶ್ ಫಿಟ್ ಕನೆಕ್ಟರ್ ತಂದಿಟ್ಟಿದ್ದಾರೆ. ಪುದೀನವನ್ನು ಪೈಪಿನಿಂದ ಕಿತ್ತು ಕುಂಡಕ್ಕೆ ಹಾಕಿಯಾಯಿತು, ಅದರ ಬೇರು ಪೈಪು ತುಂಬಾ ಹೆಣೆದುಕೊಂಡು ನೀರು ಕಟ್ಟುತ್ತಿತ್ತು.